ಇಬ್ಬರೂ ವೀಳ್ಯ ಇಟ್ಟ ಎನ್ಕ್ವೈರಿ

ಎಂಬತ್ತರ ದಶಕ ಶುರುವಾಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ನಾನು ಪೀಣ್ಯದ ಒಂದು ಎರಕದ ಕಾರ್ಖಾನೆಯಲ್ಲಿ ಟೈಪಿಸ್ಟಾಗಿ ಸೇರಿದ್ದೆ. ಮನೆಯಿಂದ ನಡೆದುಹೋಗುವಷ್ಟೇ ದೂರ. ಸರಿಯಾಗಿ ಹೇಳಬೇಕೆಂದರೆ ನಮ್ಮೂರಿನವರ ರಾಗಿ ಹೊಲದ ಮೇಲೆಯೇ ಆ ಕಾರ್ಖಾನೆ ನಿಂತಿತ್ತು. ಟೈಪಿಂಗ್ ಜೊತೆಗೆ ಸಾಹೇಬರ ಇಂಗ್ಲಿಷನ್ನು ಕೆಲಸದವರಿಗೂ ಕೆಲಸದವರ ಕನ್ನಡವನ್ನು ಸಾಹೇಬರಿಗೂ ಮುಟ್ಟಿಸುವ ಕೆಲಸ ನನ್ನ ತಲೆಗೇ ಬಂದಿತ್ತು. ಅದಕ್ಕೆ ಬೇರೆ ಸಂಬಳವೇನೂ ಇರಲಿಲ್ಲ, ಬೈಗುಳ ಮಾತ್ರ ಎರಡೂ ಭಾಷೆಯಲ್ಲಿ ಸಿಗುತ್ತಿತ್ತು.

ಮಧ್ಯಾಹ್ನ ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿ ಮೂವರು ಊಟಕ್ಕೆ ಕೂರುತ್ತಿದ್ದೆವು. ಒಬ್ಬರು ನಮ್ಮ ಮ್ಯಾನೇಜರ್. ವೈಟ್‌ಫೀಲ್ಡಿನ ಹಳೆಯ ಆಂಗ್ಲೋ ಇಂಡಿಯನ್ ಮನೆತನದವರು. ಬೆಳಗಿನ ರೈಲಿನಲ್ಲಿ ಸಿಟಿಗೆ ಬಂದು ಅಲ್ಲಿಂದ ಬಸ್ ಹಿಡಿಯುತ್ತಿದ್ದರು. ಪ್ರಾಯದಲ್ಲಿ ಕೆಲವು ವರ್ಷ ಇಂಗ್ಲೆಂಡಿನ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತು ಬಂದಿದ್ದರು. ಇನ್ನೊಬ್ಬರು ಮರದ ಅಚ್ಚು ಮಾಡುವ ಮೇಸ್ತ್ರಿ. ಕಬ್ಬಿಣದಲ್ಲಿ ಏನು ಬೇಕೋ ಅದನ್ನು ಮೊದಲು ಮರದಲ್ಲಿ ಕೆತ್ತಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಆ ಕೆತ್ತನೆಯಲ್ಲಿ ಮೇಸ್ತ್ರಿಯವರದು ಎತ್ತಿದ ಕೈ. ಅವರು ಚೀನೀಯರು. ಕಲ್ಕತ್ತದಿಂದ ಬಂದವರು ಎಂದಷ್ಟೇ ನಮಗೆ ಗೊತ್ತಿತ್ತು. ಕನ್ನಡವನ್ನು ಮರಳು ಹೊರುವವರಿಂದ ಕಲಿತದ್ದರಿಂದ ಮಾಲೀಕರಿಂದ ಹಿಡಿದು ಗುಡಿಸುವ ಅಜ್ಜಿಯ ತನಕ ಎಲ್ಲರನ್ನೂ ‘ನೀನು’ ಎನ್ನುತ್ತಿದ್ದರು. ಮಾಲೀಕರು ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಅಭ್ಯಾಸ ಮಾಡಿಕೊಂಡರು.

ಇವರಿಬ್ಬರೂ ದಿನಾ ವಾದ ಮಾಡುತ್ತಿದ್ದರು. ಸರ್ಕಾರ ಹೇಗಿರಬೇಕು, ನ್ಯಾಯ ಎಂದರೇನು, ಮನುಷ್ಯನಿಗೆ ಹಕ್ಕು ಎಂಬುದು ಹುಟ್ಟಿನಿಂದ ಬರುತ್ತದೋ ಯಾರಾದರೂ ಕೊಡುತ್ತಾರೋ, ಇಂಥವು. ಮ್ಯಾನೇಜರ್ ಸ್ಯಾಂಡ್‌ವಿಚ್ ಕೈಯಲ್ಲಿ ಹಿಡಿದುಕೊಂಡು ತಿನ್ನುವುದನ್ನೇ ಮರೆಯುತ್ತಿದ್ದರು. ಮೇಸ್ತ್ರಿ ಮರೆಯುತ್ತಿರಲಿಲ್ಲ, ಅನ್ನ, ಹುರಿದ ಮೀನು ಮುಗಿಸಿಯೇ ಬಾಯಿ ಬಿಡುತ್ತಿದ್ದರು.

“ಸರ್ಕಾರ ಅಂದ್ರೆ ಮನೆ ಯಜಮಾನ. ಯಜಮಾನ ಒಳ್ಳೇನಾದ್ರೆ ರೂಲ್ ಯಾಕೆ ಬೇಕು? ಕೆಟ್ಟೋನಾದ್ರೆ ರೂಲ್ ಯಾರ್ ಕೇಳ್ತಾನೆ?” ಎನ್ನುತ್ತಿದ್ದರು ಮೇಸ್ತ್ರಿ.

“ಅವನು ಒಳ್ಳೆಯವನೋ ಕೆಟ್ಟವನೋ ಗೊತ್ತಾಗುವ ತನಕ ಏನು ಮಾಡುತ್ತೀಯ ಮೇಸ್ತ್ರಿ? ಅಲ್ಲಿ ತನಕ ಬೇಕಲ್ಲ ರೂಲು?” ಮ್ಯಾನೇಜರ್ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ನಾನು ತುತ್ತಿನ ನಡುವೆ ಕನ್ನಡ ಮಾಡುತ್ತಿದ್ದೆ.

ಮೇಸ್ತ್ರಿಯವರ ಲೆಕ್ಕದಲ್ಲಿ ಮನುಷ್ಯ ಎಂದರೆ ಯಾರದೋ ಮಗ, ಯಾರದೋ ಶಿಷ್ಯ, ಯಾರದೋ ನೆರೆಯವನು. ಜಗಳವಾದರೆ ನಾಳೆಯೂ ಅವರೇ ಒಟ್ಟಿಗಿರಬೇಕು, ಆದ್ದರಿಂದ ಸದ್ದಿಲ್ಲದೆ ಮುಗಿಸಬೇಕು. ಮ್ಯಾನೇಜರ್ ಲೆಕ್ಕದಲ್ಲಿ ಒಬ್ಬ ಮನುಷ್ಯ ಎಂದರೆ ಒಬ್ಬನೇ. ಇಡೀ ಊರು ಒಂದಾಗಿ ಬಂದರೂ ಅವನನ್ನು ಕೇಳದೆ ಮುಟ್ಟಬಾರದು. ತುರ್ತು ಪರಿಸ್ಥಿತಿಯಲ್ಲಿ ಜನರನ್ನು ಕಾರಣ ಹೇಳದೆ ಒಳಗೆ ಹಾಕಿದರಲ್ಲ, ಆ ಮಾತೆತ್ತಿದರೆ ಅವರ ಕಿವಿ ಕೆಂಪಾಗುತ್ತಿತ್ತು. ಆಗ ಮಾತ್ರ ಮೇಸ್ತ್ರಿ ಮರುಮಾತಾಡದೆ ಡಬ್ಬಿ ತೊಳೆಯಲು ಎದ್ದುಹೋಗುತ್ತಿದ್ದರು. ವಾದದಲ್ಲಿ ಸೋತರು ಎಂದು ನಾನು ತಿಳಿದುಕೊಂಡಿದ್ದೆ. ಒಬ್ಬರು ಚೀನಾ ದೇಶವನ್ನು ಕಣ್ಣಲ್ಲಿ ನೋಡಿದವರಲ್ಲ, ಇನ್ನೊಬ್ಬರನ್ನು ಇಂಗ್ಲೆಂಡು ಉಳಿಸಿಕೊಳ್ಳಲಿಲ್ಲ. ಆದರೂ ಇಬ್ಬರೂ ಆ ದೇಶಗಳ ಪರವಾಗಿ ನಮ್ಮ ಹೊಂಗೆ ಮರದ ಕೆಳಗೆ ಕಚ್ಚಾಡುವುದನ್ನು ನೋಡಿದರೆ ನನಗೆ ನಗು ಬರುತ್ತಿತ್ತು.

ನಗು ನಿಂತದ್ದು ಅಚ್ಚಿನ ಕೋಣೆಗೆ ಬೆಂಕಿ ಬಿದ್ದಾಗ.

ಒಂದು ಶನಿವಾರ ಸಂಜೆ ಕೆಲಸ ಬಿಟ್ಟು ಎಲ್ಲರೂ ಹೊರಗೆ ಹೋದ ಮೇಲೆ ಬೆಂಕಿ ಹತ್ತಿತು. ಮೇಸ್ತ್ರಿ ವರ್ಷಗಟ್ಟಲೆ ಕೂತು ಕೆತ್ತಿದ ತೇಗದ ಅಚ್ಚುಗಳಲ್ಲಿ ಮುಕ್ಕಾಲು ಪಾಲು ಇದ್ದಿಲಾದವು. ಕೋಣೆಯ ಗೋಡೆಗೆ ತಾಗಿದಂತೆ ಎರಕದ ಗುಳಿಯೊಳಗೆ ಇಡುವ ಮರಳಿನ ಗಟ್ಟಿಗಳನ್ನು ಒಣಗಿಸುವ ಸೌದೆ ಒಲೆ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ನಮ್ಮೂರಿನವನೇ. ಎಲ್ಲರ ಬಾಯಲ್ಲಿ ಅವನು ಒಲೆಯಣ್ಣ. ಸಂಜೆ ಹೊರಡುವ ಮುಂಚೆ ಕೆಂಡ ಹೊರಗೆಳೆದು ನೀರು ಸುರಿಯುವುದು ಅವನ ಕೆಲಸ. ಸುರಿದೆ ಎಂದು ಅವನು ಹೇಳಿದ. ಸುರಿದಿದ್ದರೆ ಬೆಂಕಿ ಎಲ್ಲಿಂದ ಬಂತು ಎಂದು ಮಾಲೀಕರು ಕೇಳಿದರು. ಸೋಮವಾರ ಅವನನ್ನು ಸಸ್ಪೆಂಡ್ ಮಾಡಿದ ಕಾಗದವನ್ನು ನಾನೇ ಟೈಪ್ ಮಾಡಿದೆ.

ಒಲೆಯಣ್ಣನ ಹೊಲ ಆ ಕಾರ್ಖಾನೆಯ ಕೆಳಗೇ ಇತ್ತು. ಹೊಲ ಬಿಟ್ಟುಕೊಟ್ಟದ್ದಕ್ಕೆ ಮನೆಗೊಂದು ಕೆಲಸ ಎಂದು ಮಾತಾಗಿ ಅವನು ಒಳಗೆ ಸೇರಿದ್ದ. ಪರಿಹಾರದ ಹಣ ಯಾವಾಗಲೋ ಕರಗಿತ್ತು. ಕೆಲಸ ಹೋದರೆ ಅವನಿಗೆ ವಾಪಸು ಹೋಗಲು ಹೊಲವಿಲ್ಲ, ಬೆಂಕಿ ಇಟ್ಟವನು ಎಂಬ ಹೆಸರಿರುವವನನ್ನು ಬೇರೆ ಯಾವ ಕಾರ್ಖಾನೆಯವರೂ ಸೇರಿಸುವುದಿಲ್ಲ. ಅವನ ಹೆಂಡತಿ ನಮ್ಮ ಮನೆ ಜಗಲಿಯ ಮೇಲೆ ಕೂತು ನಮ್ಮಮ್ಮನ ಹತ್ತಿರ ಇದನ್ನೇ ಹೇಳಿಕೊಂಡು ಅತ್ತಳು. ನನಗೆ ಒಳಗೆ ಕೂರಲೂ ಆಗಲಿಲ್ಲ, ಹೊರಗೆ ಬರಲೂ ಆಗಲಿಲ್ಲ.

ಹಾಳಾದದ್ದು ಮೇಸ್ತ್ರಿಯವರ ಸೊತ್ತು. ಸಿಟ್ಟು ಬರಬೇಕಾದದ್ದು ಅವರಿಗೆ. ಅವರು ಒಂದೆರಡು ದಿನ ಬೂದಿ ಕೆದಕಿ, ಅರ್ಧ ಸುಟ್ಟ ತುಂಡುಗಳನ್ನು ಬೇರೆ ಮಾಡಿಟ್ಟು, ಮ್ಯಾನೇಜರ್ ರೂಮಿಗೆ ಬಂದರು.

“ಎನ್ಕ್ವೈರಿ ಬೇಡ. ಅವನ್ನ ನನ್ ಹತ್ರ ಹಾಕು. ಆರ್ ತಿಂಗ್ಳು ಮರ ಹೊರ್ಲಿ, ಉಜ್ಜಲಿ. ಹೊಸ ಅಚ್ಚು ಆಗತ್ತೆ. ಮುಗೀತು.”

ಒಲೆಯಣ್ಣನಿಗೆ ಈ ಸುದ್ದಿ ತಲುಪಿಸಿದ್ದು ನಾನೇ. ಅವನು ಬದುಕಿದೆ ಎನ್ನುವ ಹಾಗೆ ಉಸಿರು ಬಿಟ್ಟ. “ಅಂಗಾದ್ರೆ ಸಾಕು ಕಣವ್ವ. ವರ್ಷ ಆದ್ರೂ ಒರ್ತೀನಿ” ಎಂದ. ನಮ್ಮಪ್ಪನಿಗೂ ಇದೇ ಸರಿ ಎನಿಸಿತು. ಚೀನೀಯನಾದರೂ ನಮ್ಮ ಕಡೆಯವನ ಹಾಗೆ ನ್ಯಾಯ ಹೇಳಿದ ಎಂದರು.

ಒಪ್ಪದವರು ಮ್ಯಾನೇಜರ್ ಒಬ್ಬರೇ. “ಅವನು ಬೆಂಕಿಗೆ ಕಾರಣನಾಗಿದ್ದರೆ ಶಿಕ್ಷೆ ಆಗಲಿ. ಅಲ್ಲದಿದ್ದರೆ ಯಾತಕ್ಕೆ ಮರ ಹೊರಬೇಕು? ಮಾಡದ ತಪ್ಪಿಗೆ ಕ್ಷಮೆ ಕೊಡುವುದೂ ಅನ್ಯಾಯವೇ. ಮೊದಲು ಅವನನ್ನು ಕೇಳೋಣ” ಎಂದರು. ಮಾಲೀಕರಿಗೆ ಎರಡೂ ಬೇಡವಾಗಿತ್ತು, ಕೈ ತೊಳೆದುಕೊಂಡರೆ ಸಾಕಾಗಿತ್ತು. ಮ್ಯಾನೇಜರ್ ಜಗ್ಗಲಿಲ್ಲ. ಕೇಳದೆ ತೆಗೆದರೆ ನಾನೂ ಹೋಗುತ್ತೇನೆ ಎಂದುಬಿಟ್ಟರು. ನನಗೋ ಅವರ ಮೇಲೆ ತುಂಬಾ ಕೋಪ ಬಂತು. ಸುಲಭವಾಗಿ ಮುಗಿಯುತ್ತಿದ್ದುದನ್ನು ಈ ಮನುಷ್ಯ ತನ್ನ ತತ್ವಕ್ಕಾಗಿ ಎಳೆದಾಡುತ್ತಿದ್ದಾನಲ್ಲ, ಒಲೆಯಣ್ಣನ ಕೆಲಸ ಹೋದರೆ ಇವನ ಮನೆಯ ಒಲೆ ಆರುತ್ತದೆಯೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅವರು ತಮ್ಮ ಕೆಲಸವನ್ನೂ ಪಣಕ್ಕಿಟ್ಟಿದ್ದರು ಎಂಬುದು ಕೋಪದಲ್ಲಿ ನನಗೆ ಕಾಣಲಿಲ್ಲ.

ವಿಚಾರಣೆಗೆ ಹೊರಗಿನಿಂದ ಒಬ್ಬ ವಕೀಲರನ್ನು ಕರೆಸಿದರು. ಮಾಲೀಕರ ಪರಿಚಯದವರು. ಸ್ಟೋರಿನ ಪಕ್ಕದ ಕೋಣೆಯಲ್ಲಿ ಮೇಜು ಹಾಕಿ ನಡುವೆ ಅವರು, ಒಂದು ಕಡೆ ಮ್ಯಾನೇಜರ್, ಗೋಡೆಯ ಹತ್ತಿರ ಸಾಕ್ಷಿಯಾಗಿ ಮೇಸ್ತ್ರಿ, ಮೂಲೆಯಲ್ಲಿ ಟೈಪ್‌ರೈಟರ್ ಮುಂದೆ ನಾನು. ಒಲೆಯಣ್ಣ ಒಗೆದ ಪಂಚೆ ಉಟ್ಟು, ಟವೆಲನ್ನು ಹೆಗಲಿಂದ ಇಳಿಸಿ ಸೊಂಟಕ್ಕೆ ಸುತ್ತಿಕೊಂಡು ಬಾಗಿಲಲ್ಲಿ ನಿಂತ. ಕೈಯಲ್ಲಿ ಒಂದು ಚೀಲ.

ಒಳಗೆ ಬಂದವನೇ ಚೀಲದಿಂದ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ ತೆಗೆದು ವಕೀಲರ ಮುಂದಿಟ್ಟ. ನೆಲಕ್ಕೆ ಅಡ್ಡಬಿದ್ದು ಎದ್ದ. “ತಪ್ಪೋ ಒಪ್ಪೋ ಒಟ್ಟೆಗೆ ಆಕ್ಕೊಂಡು ನ್ಯಾಯ ಮಾಡ್ಕೊಡಿ ಸ್ವಾಮಿ” ಎಂದು ಕೈಮುಗಿದು ನಿಂತ.

ವಕೀಲರ ಮುಖ ಅರಳಿತು. ನನ್ನ ಕಡೆ ತಿರುಗಿ, “ಬರೀರಿ. ಆಪಾದಿತನು ವಿಚಾರಣೆಗೆ ಮುಂಚೆಯೇ ಕಾಲಿಗೆ ಬಿದ್ದು ಕ್ಷಮೆ ಕೇಳಿ ತಪ್ಪು ಒಪ್ಪಿಕೊಂಡಿರುತ್ತಾನೆ. ಇನ್ನೇನೂ ಕೇಳೋ ಅಗತ್ಯ ಇಲ್ಲ” ಎಂದರು.

ನನ್ನ ಬೆರಳು ಕೀಲಿಗಳ ಮೇಲೆ ಹಾಗೇ ನಿಂತವು. ಒಲೆಯಣ್ಣ ಮಾಡಿದ್ದು ತಪ್ಪೊಪ್ಪಿಗೆ ಅಲ್ಲವೇ ಅಲ್ಲ. ನಮ್ಮೂರಿನಲ್ಲಿ ಅರಳಿಕಟ್ಟೆಯ ಮೇಲೆ ನ್ಯಾಯಕ್ಕೆ ಕೂತರೆ ಎರಡೂ ಕಡೆಯವರು ಮೊದಲು ಹಿರಿಯರ ಮುಂದೆ ವೀಳ್ಯ ಇಡಬೇಕು. ಹೊಡೆದವನೂ ಇಡುತ್ತಾನೆ, ಹೊಡೆಸಿಕೊಂಡವನೂ ಇಡುತ್ತಾನೆ. ನೀವು ಹೇಳಿದ್ದಕ್ಕೆ ನಾನು ಬದ್ಧ ಎಂದು ಅದರರ್ಥ. ಕಾಲಿಗೆ ಬೀಳುವುದು, ಹೊಟ್ಟೆಗೆ ಹಾಕಿಕೊಳ್ಳಿ ಎನ್ನುವುದು ಎಲ್ಲಾ ಮರ್ಯಾದೆ. ವೀಳ್ಯ ಇಡದೆ ಬಾಯಿ ತೆರೆದರೆ ದುರಹಂಕಾರಿ ಎನ್ನುತ್ತಾರೆ. ಇಷ್ಟನ್ನು ಎದ್ದು ನಿಂತು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೇಳಿದೆ.

“ನಿಮ್ಮ ಕೆಲ್ಸ ಟೈಪ್ ಮಾಡೋದು ಕಣಮ್ಮ” ಎಂದರು ವಕೀಲರು.

ಮ್ಯಾನೇಜರ್ ಮಧ್ಯೆ ಬಂದು, ಅವನನ್ನೇ ಕೇಳಿ, ಒಪ್ಪಿಕೊಂಡೆಯಾ ಎಂದು ಕೇಳಿ ಎಂದರು. ವಕೀಲರು, ಕಣ್ಣಾರೆ ಕಂಡದ್ದನ್ನು ಕೇಳುವುದೇನು, ತೆಂಗಿನಕಾಯಿ ಮೇಜಿನ ಮೇಲೇ ಇದೆಯಲ್ಲ ಎಂದರು. ಒಲೆಯಣ್ಣ ನಮ್ಮ ಮೂವರ ಮುಖವನ್ನೂ ನೋಡುತ್ತಿದ್ದ. ತಾನು ಸರಿಯಾಗಿ ನಡೆದುಕೊಂಡದ್ದರಿಂದಲೇ ಕೆಲಸ ಹೋಗುತ್ತಿದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಅವನ ಮುಖದಲ್ಲಿದ್ದ ನಂಬಿಕೆಯನ್ನು ನೋಡಿ ನನಗೆ ಅಳು ಬಂತು.

ಗೋಡೆಯ ಹತ್ತಿರ ಕೂತಿದ್ದ ಮೇಸ್ತ್ರಿ ನನ್ನನ್ನು ಕೇಳಿದರು, “ಎರ್ಡೂ ಕಡೆಯವರು ಇಡ್ಬೇಕಾ?”

“ಹೂಂ ಮೇಸ್ತ್ರಿ. ಇಬ್ಬರೂ.”

ಅವರು ಎದ್ದು ಹೊರಗೆ ಹೋದರು. ವಾದ ಇನ್ನೂ ನಡೆಯುತ್ತಿರುವಾಗಲೇ ವಾಪಸು ಬಂದರು. ಗೇಟಿನ ಎದುರಿನ ಬೀಡಿ ಅಂಗಡಿಯಿಂದ ಎಲೆ ಅಡಿಕೆ ತಂದಿದ್ದರು. ಅಂಗಡಿಯಲ್ಲಿ ತೆಂಗಿನಕಾಯಿ ಇರಲಿಲ್ಲವಂತೆ, ಅದರ ಬದಲು ಎರಡು ಕಿತ್ತಳೆ ಹಣ್ಣು. ಒಲೆಯಣ್ಣನ ಕಾಯಿಯ ಪಕ್ಕದಲ್ಲಿ ಅವನ್ನು ನೀಟಾಗಿ ಜೋಡಿಸಿಟ್ಟರು. ಆಮೇಲೆ ಮಂಡಿ ನೋವಿದ್ದ ಆ ಮನುಷ್ಯ ಮೇಜಿನ ಕಾಲು ಹಿಡಿದುಕೊಂಡು ಬಗ್ಗಿ, ವಕೀಲರಿಗೆ ಅಡ್ಡಬಿದ್ದರು.

“ಸುಟ್ಟಿದ್ದು ನನ್ ಮರ. ನಾನು ಒಂದ್ ಕಡೆ. ನಾನೂ ಇಟ್ಟೆ, ನಾನೂ ಬಿದ್ದೆ. ಈಗ ನಾನೂ ಬೆಂಕಿ ಇಟ್ಟೆ ಅಂತ ಬರಿ.”

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಮ್ಯಾನೇಜರ್ ಕೆಮ್ಮಿ, ನಗು ನುಂಗಿಕೊಂಡು, “ಇಬ್ಬರೂ ಹಾಜರಿ ಹಾಕಿದ್ದಾರೆ. ಇನ್ನು ವಿಚಾರಣೆ ಶುರು ಮಾಡಬಹುದು” ಎಂದರು. ವಕೀಲರು ನನಗೆ ತಪ್ಪೊಪ್ಪಿಗೆಯ ಆ ಸಾಲು ಬಿಟ್ಟುಬಿಡಿ ಎಂದರು. ನಾನು ಅದನ್ನು ಬರೆದೇ ಇರಲಿಲ್ಲ, ಹೇಳಲಿಲ್ಲ ಅಷ್ಟೇ. ಒಲೆಯಣ್ಣನಿಗೆ ಮಾತ್ರ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಎದುರು ಕಡೆಯವರು ತಡವಾಗಿಯಾದರೂ ವೀಳ್ಯ ಇಟ್ಟರಲ್ಲ ಎಂದು ಸಮಾಧಾನವಾಗಿ ನಿಂತ.

ಮ್ಯಾನೇಜರ್ ಹಠ ಹಿಡಿದದ್ದು ಯಾತಕ್ಕೆ ಎಂದು ನನಗೆ ಅರ್ಥವಾದದ್ದು ಪ್ರಶ್ನೆಗಳು ಶುರುವಾದ ಮೇಲೆ. ಕೊನೆಗೆ ಹೊರಗೆ ಹೋದವರು ಯಾರು, ಗೇಟಿನಲ್ಲಿ ಯಾರಿದ್ದರು ಎಂದು ಅವರು ಒಂದೊಂದೇ ಕೇಳುತ್ತಾ ಹೋದಂತೆ ವಾಚ್‌ಮನ್‌ನನ್ನು ಕರೆಸಬೇಕಾಯಿತು. ಅಲ್ಲಿ ತನಕ ಅವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅವನು ಬಂದು ಒಲೆಯಣ್ಣನ ಮೇಲೆ ದೂರು ಹೇಳಲು ಶುರುಮಾಡಿದ. “ನೋಡಿ ಸಾರ್, ದಿನಾ ಸಂಜೆ ನಾನು ಚಳಿ ಕಾಯ್ಸೋಕೆ ಅಂತ ಒಂದ್ ಬಾಣಲಿ ಕೆಂಡ ತಗೊಂಡ್ ಬರ್ತಿದ್ದೆ. ಅವತ್ತು ಹೋದ್ರೆ ಈ ಪುಣ್ಯಾತ್ಮ ಎಲ್ಲಾ ಕೆಂಡಕ್ಕೂ ನೀರು ಸುರ್ದು ಕೆಸರು ಮಾಡಿಟ್ಟಿದ್ದ. ಒಂದ್ ಕಿಡಿ ಬಿಟ್ಟಿರಲಿಲ್ಲ.” ಆ ದೂರೇ ಒಲೆಯಣ್ಣನನ್ನು ಉಳಿಸಿತು. ಮೇಸ್ತ್ರಿಯವರ ದಾರಿಯಲ್ಲಿ ಹೋಗಿದ್ದರೆ ಅವನು ಆರು ತಿಂಗಳು ಮರ ಹೊತ್ತು, ಬೆಂಕಿ ಇಟ್ಟವನು ಎಂದೇ ಸಾಯುತ್ತಿದ್ದ. ಬೆಂಕಿ ಹೇಗೆ ಬಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹಳೆಯ ವೈರಿಂಗ್ ಇರಬಹುದು ಎಂದು ಕೆಲವರು ಅನ್ನುತ್ತಿದ್ದರು.

ಕೆಲವು ವಾರಗಳ ನಂತರ ತೀರ್ಮಾನ ಬಂತು. ಆರೋಪ ಸಾಬೀತಾಗಿಲ್ಲ, ಕೆಲಸಕ್ಕೆ ಹಾಜರಾಗಬಹುದು. ಮ್ಯಾನೇಜರ್ ತಮ್ಮ ರೂಮಿನಲ್ಲಿ ಅದನ್ನು ಓದಿದರು, ನಾನು ಕನ್ನಡದಲ್ಲಿ ಹೇಳಿದೆ. ಮೇಸ್ತ್ರಿಯೂ ಇದ್ದರು. ಮ್ಯಾನೇಜರ್ ಮುಖದಲ್ಲಿ ಗೆದ್ದ ಕಳೆ. ಒಲೆಯಣ್ಣ ಕೇಳಿಸಿಕೊಂಡ, ಆದರೆ ಹೋಗಲಿಲ್ಲ. ನಿಂತೇ ಇದ್ದ.

“ಆಮ್ಯಾಕೆ?” ಎಂದ.

“ಆಮೇಲೆ ಏನಣ್ಣ? ಮುಗೀತು. ನಾಳೆಯಿಂದ ಕೆಲಸಕ್ಕೆ ಬಾ” ಎಂದೆ.

“ಅದು ಸರಿ ಕಣವ್ವ. ಊರಲ್ಲೆಲ್ಲ ಬೆಂಕಿ ಮಡಗ್ದೋನು ಅಂದ್ರು. ನನ್ನೆಂಡ್ರು ನೀರಿಗೋದ್ರೆ ಮಕ ತಿರುಗ್ಸಿದ್ರು. ಅದುಕ್ಕೆ ಯಾರೂ ಏನೂ ಅನ್ನಾಕಿಲ್ವಾ?”

ಅದನ್ನು ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಮ್ಯಾನೇಜರ್ ನಿಜವಾಗಿಯೂ ತಬ್ಬಿಬ್ಬಾದರು. ರೂಲಿನಲ್ಲಿ ಅಂಥದ್ದೇನೂ ಇಲ್ಲ, ಆರೋಪ ಹೊರಿಸುವುದು ಕಂಪನಿಯ ಹಕ್ಕು, ಸಾಬೀತಾಗದಿದ್ದರೆ ಬಿಡುವುದು ಅದರ ಕರ್ತವ್ಯ, ಎಲ್ಲಾ ಕ್ರಮವಾಗಿಯೇ ನಡೆದಿದೆಯಲ್ಲ ಎಂದರು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದನ್ನು ಕನ್ನಡ ಮಾಡಲು ಮಾತ್ರ ನನಗೆ ಬಾಯಿ ಬರಲಿಲ್ಲ.

ಆಗ ಮೇಸ್ತ್ರಿ ಮಾತಾಡಿದರು. ಅವರ ದನಿ ಎತ್ತರಕ್ಕೆ ಹೋಗಲಿಲ್ಲ.

“ನಾನು ಕಲ್ಕತ್ತದವನಲ್ಲ. ಅಸ್ಸಾಂ. ಟೀ ತೋಟದ ಹತ್ರ ನಮ್ಮನೆ, ನಮ್ಮಪ್ಪಂದು ಮರದ್ ಅಂಗಡಿ. ಚೀನಾ ಯುದ್ಧ ಆಯ್ತಲ್ಲ, ಪೊಲೀಸ್ ಬಂದ್ರು. ಚೀನೀ ಮುಖದವ್ರೆಲ್ಲ ನಡಿ ಅಂದ್ರು. ನಾನು, ನಮ್ಮಪ್ಪ, ಹೆಂಡ್ತಿ. ರೈಲಲ್ಲಿ ಹಾಕಿದ್ರು, ಬಹಳ ದೂರ, ರಾಜಸ್ಥಾನ. ಸುತ್ತ ಮರಳು, ತಂತಿ ಬೇಲಿ. ನಮ್ಮಪ್ಪ ಅಲ್ಲೇ ಹೋದ. ನಾನು ದಿನಾ ಕಾಯ್ತಿದ್ದೆ. ಯಾರಾದ್ರೂ ಬಂದು ಕೇಳ್ತಾರೆ, ನೀನು ಏನು ಮಾಡಿದೆ ಅಂತ. ಯಾರೂ ಕೇಳಲಿಲ್ಲ. ಆಮೇಲೆ ಒಂದಿನ ಹೋಗು ಅಂದ್ರು. ಮನೆ ಇಲ್ಲ, ಅಂಗಡಿ ಇಲ್ಲ. ಆಗ ಕಾಯ್ತಿದ್ದೆ, ಯಾರಾದ್ರೂ ತಪ್ಪಾಯ್ತು ಅಂತಾರೆ ಅಂತ. ಯಾರೂ ಅನ್ಲಿಲ್ಲ.”

ಆಮೇಲೆ ಮ್ಯಾನೇಜರ್ ಕಡೆ ತಿರುಗಿದರು. “ಇವನ್ನ ನೀನು ಕೇಳಿದೆ. ನೀನು ದೊಡ್ಡ ಮನುಷ್ಯ. ಆದ್ರೆ ಇನ್ನೊಂದು ಬಾಕಿ ಇದೆ.”

ನಾನು ಇದನ್ನು ಇಂಗ್ಲಿಷ್ ಮಾಡಿದೆನೋ ಇಲ್ಲವೋ ನೆನಪಿಲ್ಲ. ಪೊಲೀಸ್, ರೈಲು, ರಾಜಸ್ಥಾನ ಎಂಬ ಮಾತುಗಳೇ ಮ್ಯಾನೇಜರಿಗೆ ಸಾಕಾದವು ಎಂದು ಕಾಣುತ್ತದೆ. ಊಟದ ಹೊತ್ತಿನಲ್ಲಿ ಆ ಮನುಷ್ಯ ಯಾಕೆ ಡಬ್ಬಿ ತೊಳೆಯಲು ಎದ್ದುಹೋಗುತ್ತಿದ್ದರೆಂದು ನಮ್ಮಿಬ್ಬರಿಗೂ ಒಟ್ಟಿಗೇ ತಿಳಿಯಿತು. ಒಳಗೆ ಹಾಕಿಸಿಕೊಂಡವನ ಎದುರಿಗೇ ಕೂತು, ಒಳಗೆ ಹಾಕುವುದು ಎಷ್ಟು ಕೆಟ್ಟದ್ದು ಎಂದು ಇಷ್ಟು ದಿನ ಪಾಠ ಹೇಳಿದ್ದೆವು.

ಮ್ಯಾನೇಜರ್ ಕುರ್ಚಿಯಿಂದ ಎದ್ದರು. ಮೇಜನ್ನು ಸುತ್ತಿಕೊಂಡು ಒಲೆಯಣ್ಣನ ಎದುರಿಗೆ ಬಂದು ನಿಂತರು. ವೈಟ್‌ಫೀಲ್ಡಿನಲ್ಲಿ ತರಕಾರಿ ಮಾರಲು ಬರುವವರಿಂದ ಕಲಿತ ಅವರ ಕನ್ನಡ ಬೆಲೆ ಕೇಳುವುದಕ್ಕಷ್ಟೇ ಸಾಲುತ್ತಿತ್ತು. ನನ್ನ ಕಡೆ ನೋಡಲಿಲ್ಲ, ಸಹಾಯ ಕೇಳಲಿಲ್ಲ. ತಡವರಿಸಿ, ಆದರೆ ಸರಿಯಾಗಿ ಹೇಳಿದರು.

“ತಪ್ಪಾಯ್ತು ಅಪ್ಪ. ಕಂಪನಿದು ತಪ್ಪಾಯ್ತು.”

ಒಲೆಯಣ್ಣ ನಾಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. “ಬುಡಿ ಸಾ, ದೊಡ್ಡೋರು ನೀವು, ಅಂಗೆಲ್ಲ ಅನ್ಬ್ಯಾಡಿ” ಎಂದು ಕೈಮುಗಿದ. ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಹೊರಟುಹೋದ. ಆ ಮಾತನ್ನು ಅವನು ಅವತ್ತು ಸಂಜೆಯೊಳಗೆ ಇಡೀ ಊರಿಗೆ ಹೇಳಿ ಮುಗಿಸಿದ್ದ. ಮರುದಿನ ಅವನ ಹೆಂಡತಿ ನಲ್ಲಿಯ ಹತ್ತಿರ ಎಲ್ಲರಿಗಿಂತ ಮುಂದೆ ಬಿಂದಿಗೆ ಇಟ್ಟಿದ್ದಳು, ಯಾರೂ ತಕರಾರು ಮಾಡಲಿಲ್ಲ.

ಮೇಸ್ತ್ರಿಯವರನ್ನು ಮಾತಾಡಿಸಲು ನನಗೆ ಧೈರ್ಯ ಬರಲು ಒಂದೆರಡು ದಿನ ಬೇಕಾಯಿತು. ಅವರು ಹೊಸ ತೇಗದ ಹಲಗೆಯ ಮೇಲೆ ಗೆರೆ ಎಳೆಯುತ್ತಿದ್ದರು. ನಿಮಗೆ ಹೀಗಾಗಿತ್ತೆಂದು ನಮಗೆ ಗೊತ್ತಿರಲಿಲ್ಲ ಮೇಸ್ತ್ರಿ ಎಂದೆ. ಅವರು ಪೆನ್ಸಿಲ್ ನಿಲ್ಲಿಸಿದರು.

“ಸಾಹೇಬ ತಪ್ಪಾಯ್ತು ಅಂದಿದ್ದು ಒಲೆಯಣ್ಣಂಗೆ. ನಂಗಲ್ಲ, ಗೊತ್ತು” ಎಂದರು. “ಆದ್ರೂ ನಾನೂ ಸ್ವಲ್ಪ ತಗೊಂಡೆ.”